ಕರೆಂಟು ಹೋದರೂ ಲೆಕ್ಕ ಉಳಿಯಬೇಕು

ಎಪಿಎಂಸಿ ಯಾರ್ಡಿನ ದಲ್ಲಾಳಿ ಮಂಡಿ, ಸಗಟು ಔಷಧ ಅಂಗಡಿ, ರಕ್ತಪರೀಕ್ಷೆಯ ಲ್ಯಾಬು, ಪತ್ತಿನ ಸಹಕಾರ ಸಂಘ, ಪ್ರಿಂಟಿಂಗ್ ಪ್ರೆಸ್ಸು. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಇವುಗಳಲ್ಲಿ ಯಾವುದಕ್ಕೆ ಹೋದರೂ ಮೂಲೆಯಲ್ಲೊಂದು ಕಂಪ್ಯೂಟರ್ ಬೆಳಗಿನಿಂದ ರಾತ್ರಿಯವರೆಗೆ ಓಡುತ್ತಲೇ ಇರುತ್ತದೆ. ಎಲ್ಲರೂ ಅದಕ್ಕೆ ‘ಸರ್ವರ್’ ಎನ್ನುತ್ತಾರೆ. ಹೆಚ್ಚಿನ ಕಡೆ ಅದು ಸಾಧಾರಣ ಡೆಸ್ಕ್‌ಟಾಪೇ. ಉಳಿದ ಎರಡು ಮೂರು ಕಂಪ್ಯೂಟರುಗಳು ತಂತಿಯ ಮೂಲಕ ಅದಕ್ಕೆ ಸೇರಿಕೊಂಡಿರುತ್ತವೆ. ಟ್ಯಾಲಿ ಲೆಕ್ಕ, ಜಿಎಸ್‌ಟಿ ಬಿಲ್ಲು, ಯಾರಿಂದ ಎಷ್ಟು ಬಾಕಿ ಬರಬೇಕು, ಗೋದಾಮಿನಲ್ಲಿ ಎಷ್ಟು ಚೀಲ ಇದೆ, ಎಲ್ಲವೂ ಅದರೊಳಗೆ. ಗೋದಾಮಿಗೆ ವಿಮೆ ಮಾಡಿಸಿ, ತಿಜೋರಿಗೆ ಎರಡು ಬೀಗ ಹಾಕುವ ಮಾಲೀಕರು ಈ ಯಂತ್ರದ ಪ್ಲಗ್ಗನ್ನು ಮಾತ್ರ ಟೇಬಲ್ ಫ್ಯಾನಿನ ಜೊತೆ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿರುತ್ತಾರೆ.

ಕರೆಂಟು ಹೋಗಿ ಎರಡು ಗಂಟೆ ಬಾರದಿದ್ದರೆ ಆಗುವ ನಷ್ಟ ಎರಡು ಗಂಟೆಯ ವ್ಯಾಪಾರ. ದತ್ತಾಂಶ ಹಾಳಾಗುವುದು ಆ ಎರಡು ಗಂಟೆಯಲ್ಲಿ ಅಲ್ಲ, ಕರೆಂಟು ಹೋಗುವ ಕ್ಷಣದಲ್ಲಿ. ಯಂತ್ರ ಸುಡುವುದು ಹೆಚ್ಚಾಗಿ ಅದು ವಾಪಸ್ ಬರುವ ಕ್ಷಣದಲ್ಲಿ. ಈ ಎರಡು ಕ್ಷಣಗಳನ್ನು ಸಂಭಾಳಿಸಿದರೆ ಮುಕ್ಕಾಲು ಕೆಲಸ ಮುಗಿದಂತೆ. ಅದಕ್ಕೆ ದೊಡ್ಡ ಬ್ಯಾಟರಿಗಿಂತ ಮೊದಲು ಬೇಕಾದವು ಬೇರೆ ಇವೆ.

ಕರೆಂಟು ಹೋದಾಗ ನಮಗೆ ಮೊದಲು ನೆನಪಾಗುವುದು ವಿದ್ಯುತ್ ಕೊರತೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಮಾರ್ಗದ ಮೂಲಕ ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್ಡಿಗೆ ಸೇರಿತು. ಆಮೇಲೂ ಕೊರತೆಯ ದಿನಗಳು ಬಂದಿವೆ. ಬರಗಾಲದ 2023ರ ಅಕ್ಟೋಬರಿನಲ್ಲಿ ಲೋಡ್ ಶೆಡ್ಡಿಂಗ್ ವಿರುದ್ಧ ರೈತರು ಬೀದಿಗಿಳಿದದ್ದು ನೆನಪಿರಬಹುದು. ಆದರೂ ಅಂಗಡಿಯ ಕಂಪ್ಯೂಟರಿಗೆ ಕಾಡುವ ತೊಂದರೆ ಹೆಚ್ಚಾಗಿ ಹುಟ್ಟುವುದು ನಮ್ಮದೇ ಬೀದಿಯಲ್ಲಿ. ಟ್ರಾನ್ಸ್‌ಫಾರ್ಮರಿನ ಸಡಿಲ ಜೋಡಣೆ, ತಂತಿಗೆ ತಾಗುವ ಕೊಂಬೆ, ಕಂಬದ ಮೇಲೆ ತುಕ್ಕು ಹಿಡಿದ ಕ್ಲ್ಯಾಂಪು, ಭರಣಿ–ಕೃತ್ತಿಕೆ ಮಳೆಯ ಸಿಡಿಲು ಇವೇ ಮುಖ್ಯ ಕಾರಣಗಳು.

ಆ ಒಂದು ಕ್ಷಣದಲ್ಲಿ ಆಗುವುದೇನು

ಬಿಲ್ಲು ಹೊಡೆದು ‘ಅಕ್ಸೆಪ್ಟ್’ ಒತ್ತಿದಿರಿ. ಪರದೆಯ ಮೇಲೆ ಎಂಟ್ರಿ ಬಂತು. ಅದು ಡಿಸ್ಕಿನ ಮೇಲೆ ಕೂತಿತೆಂದು ನಾವು ನಂಬುತ್ತೇವೆ. ವೇಗಕ್ಕಾಗಿ ವಿಂಡೋಸ್ ಕೆಲವನ್ನು ತನ್ನ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ, ಹಾರ್ಡ್ ಡಿಸ್ಕ್ ಇನ್ನಷ್ಟನ್ನು ತನ್ನೊಳಗಿನ ಕ್ಯಾಶ್‌ನಲ್ಲಿ ಹಿಡಿದಿರುತ್ತದೆ. ಕರೆಂಟು ಹೋದೊಡನೆ ಎರಡೂ ಖಾಲಿ. ಬಿಲ್ಲಿನ ಅರ್ಧ ಭಾಗ ಒಂದು ಫೈಲಿಗೆ ಬರೆದಾಗಿ, ಅದಕ್ಕೆ ಸೇರಬೇಕಾದ ಉಳಿದರ್ಧ ಇನ್ನೊಂದು ಫೈಲಿಗೆ ಹೋಗದೆ ಉಳಿದರೆ, ಮರುದಿನ ಬೆಳಿಗ್ಗೆ ಟ್ಯಾಲಿಯಲ್ಲಿ ಕಂಪನಿಯ ಲೆಕ್ಕ ತೆರೆಯುವುದೇ ಇಲ್ಲ. ತೆರೆದರೂ ಲೆಕ್ಕ ತಾಳೆಯಾಗುವುದಿಲ್ಲ.

ಎಸ್‌ಎಸ್‌ಡಿ ಹಾಕಿಸಿದ್ದೇವೆ, ನಮಗೆ ಆ ಭಯವಿಲ್ಲ ಎನ್ನುವವರು ಗಮನಿಸಬೇಕಾದ ಪರೀಕ್ಷೆಯೊಂದಿದೆ. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಎಚ್‌ಪಿ ಲ್ಯಾಬ್ಸ್‌ನ ಸಂಶೋಧಕರು 15 ಎಸ್‌ಎಸ್‌ಡಿಗಳಿಗೆ ಮತ್ತೆ ಮತ್ತೆ ಹಠಾತ್ತನೆ ವಿದ್ಯುತ್ ಕಡಿದು ನೋಡಿ, 2013ರಲ್ಲಿ ಫಲಿತಾಂಶ ಪ್ರಕಟಿಸಿದರು. 13ರಲ್ಲಿ ದೋಷ ಕಂಡಿತು. ಕೆಲವಲ್ಲಿ ದತ್ತಾಂಶ ಕೆಟ್ಟಿತ್ತು, ಒಂದು ಡ್ರೈವ್ ಪೂರ್ತಿ ಸತ್ತೇಹೋಯಿತು. ದೊಡ್ಡ ಸರ್ವರುಗಳಿಗೆಂದೇ ಮಾಡಿದ ಎಸ್‌ಎಸ್‌ಡಿಗಳಲ್ಲಿ ಪುಟ್ಟ ಕೆಪಾಸಿಟರುಗಳಿರುತ್ತವೆ. ಕರೆಂಟು ಹೋದಮೇಲೂ ಕೈಯಲ್ಲಿದ್ದುದನ್ನು ಬರೆದು ಮುಗಿಸುವಷ್ಟು ಶಕ್ತಿ ಅವು ಕೊಡುತ್ತವೆ. ಅಂಗಡಿಯ ಡೆಸ್ಕ್‌ಟಾಪಿಗೆ ಹಾಕುವ ಸಾಮಾನ್ಯ ಎಸ್‌ಎಸ್‌ಡಿಯಲ್ಲಿ ಈ ಏರ್ಪಾಡು ಬಹುಮಟ್ಟಿಗೆ ಇರುವುದಿಲ್ಲ.

ಪಕ್ಕದ ಅಂಗಡಿಯ ಬಲ್ಬು ನೋಡಿ

ನಮ್ಮ ಮನೆ, ಅಂಗಡಿಗಳಿಗೆ ಬರಬೇಕಾದದ್ದು 230 ವೋಲ್ಟ್. ಬೀದಿಯ ಟ್ರಾನ್ಸ್‌ಫಾರ್ಮರಿನಿಂದ ಮೂರು ಫೇಸ್ ಮತ್ತು ಒಂದು ನ್ಯೂಟ್ರಲ್ ತಂತಿ ಹೊರಡುತ್ತವೆ. ಒಂದು ಸಾಲಿನ ಅಂಗಡಿಗಳನ್ನು ಮೂರು ಫೇಸಿಗೆ ಹಂಚಿರುತ್ತಾರೆ, ನ್ಯೂಟ್ರಲ್ ಎಲ್ಲರಿಗೂ ಒಂದೇ. ಆ ನ್ಯೂಟ್ರಲ್ ಸಡಿಲವಾದರೆ ಅಥವಾ ತುಂಡಾದರೆ ಮೂರು ಫೇಸುಗಳ ನಡುವಿನ ಸಮತೋಲ ತಕ್ಕಡಿಯಂತೆ ವಾಲುತ್ತದೆ. ಹೆಚ್ಚು ಲೋಡ್ ಇರುವ ಫೇಸಿನಲ್ಲಿ ವೋಲ್ಟೇಜ್ ಕುಸಿಯುತ್ತದೆ, ಕಡಿಮೆ ಲೋಡ್ ಇರುವ ಫೇಸಿನಲ್ಲಿ 300 ದಾಟಿ 400ರತ್ತ ಏರುತ್ತದೆ. ನಿಮ್ಮ ಅಂಗಡಿಯ ಬಲ್ಬು ಮಂಕಾಗಿ, ಅದೇ ಹೊತ್ತಿಗೆ ಪಕ್ಕದವರ ಬಲ್ಬು ಕಣ್ಣು ಕುಕ್ಕುವಂತೆ ಉರಿದರೆ, ಅಥವಾ ಪಕ್ಕದವರದು ಮಂಕಾಗಿ ನಿಮ್ಮದೇ ಹಾಗೆ ಉರಿದರೆ, ಅದು ನ್ಯೂಟ್ರಲ್ ತೊಂದರೆಯ ಗುರುತು. ಆ ಕ್ಷಣವೇ ಮೇನ್ ಸ್ವಿಚ್ ಆಫ್ ಮಾಡಿ, ಅಕ್ಕಪಕ್ಕದವರಿಗೂ ಹೇಳಿ, 1912ಕ್ಕೆ ಫೋನ್ ಮಾಡಿ ದೂರು ಸಂಖ್ಯೆ ಬರೆದಿಟ್ಟುಕೊಳ್ಳಿ. ಬೀದಿಯ ಟಿವಿ, ಫ್ರಿಜ್ಜು, ಕಂಪ್ಯೂಟರುಗಳೆಲ್ಲ ಒಂದೇ ಮಧ್ಯಾಹ್ನ ಸುಟ್ಟವೆಂದು ಕೇಳಿದಾಗ ಮೊದಲು ಅನುಮಾನಿಸಬೇಕಾದದ್ದು ಈ ನ್ಯೂಟ್ರಲ್ಲನ್ನೇ.

ಎಂಸಿಬಿ ಇದೆಯಲ್ಲ ಎಂದು ನೆಚ್ಚಿಕೊಳ್ಳಬೇಡಿ. ಎಂಸಿಬಿ ಬೀಳುವುದು ಕರೆಂಟಿನ ಪ್ರಮಾಣ ಹೆಚ್ಚಾದಾಗ, ವೋಲ್ಟೇಜ್ ಹೆಚ್ಚಾದಾಗ ಅಲ್ಲ. ವೋಲ್ಟೇಜ್ ಮಿತಿ ಮೀರಿದೊಡನೆ ಲೈನು ಕಡಿಯುವ ಬೇರೆಯೇ ಸಾಧನವಿದೆ. ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ‘ಓವರ್–ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್’ ಎಂದು ಕೇಳಿದರೆ ಸಿಗುತ್ತದೆ. ಎಂಸಿಬಿಯ ಪಕ್ಕದಲ್ಲೇ ಕೂರುತ್ತದೆ, ಈಗಿನ ವೋಲ್ಟೇಜ್ ಎಷ್ಟೆಂದು ಅಂಕಿಯಲ್ಲಿ ತೋರಿಸುತ್ತದೆ, ಕರೆಂಟು ವಾಪಸ್ ಬಂದ ಮೇಲೆ ಸ್ವಲ್ಪ ಹೊತ್ತು ಕಾದು, ಸ್ಥಿರವಾದ ನಂತರವೇ ಒಳಗೆ ಬಿಡುತ್ತದೆ. ಸಣ್ಣ ಅಂಗಡಿಗೆ ಇಷ್ಟು ಉಪಯೋಗದ ಇನ್ನೊಂದು ಸಾಮಾನು ನನಗೆ ಕಂಡಿಲ್ಲ.

ಸಿಡಿಲಿನದು ಬೇರೆ ದಾರಿ. ಅದು ಕರೆಂಟಿನ ತಂತಿಯಲ್ಲೇ ಬರಬೇಕೆಂದಿಲ್ಲ. ಹೊರಗೋಡೆಯ ಸಿಸಿಟಿವಿ ಕ್ಯಾಮೆರಾದಿಂದ ಡಿವಿಆರ್, ಡಿವಿಆರ್‌ನಿಂದ ನೆಟ್‌ವರ್ಕ್ ಸ್ವಿಚ್, ಸ್ವಿಚ್ಚಿನಿಂದ ಸರ್ವರ್: ಹೀಗೆ ತಾಮ್ರದ ತಂತಿ ಹೋದಲ್ಲೆಲ್ಲ ಹೋಗುತ್ತದೆ. ಅಂಗಡಿಯಿಂದ ಹಿಂದಿನ ಗೋದಾಮಿಗೆ ಎಳೆದ ಲ್ಯಾನ್ ಕೇಬಲ್ಲೂ ಅಂಥದೇ ದಾರಿ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ತಾಮ್ರದ ಬದಲು ಫೈಬರ್ ಎಳೆಸಿ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಮಲೆನಾಡು, ಕರಾವಳಿಯಲ್ಲಿ ಗುಡುಗು ಕೇಳಿದೊಡನೆ ಪ್ಲಗ್ ಕೀಳುವ ಹಳೆಯ ರೂಢಿಯಿದೆ, ಅದು ಸರಿಯಾದದ್ದೇ. ಆದರೆ ಪ್ಲಗ್ ಕಿತ್ತು ಲ್ಯಾನ್ ಕೇಬಲ್ಲನ್ನು ಹಾಗೇ ಬಿಟ್ಟರೆ ಅರ್ಧ ಕೆಲಸ ಮಾತ್ರ. ಗುಡುಗು ಶುರುವಾಗುವ ಮುನ್ನವೇ ಎರಡನ್ನೂ ಬಿಡಿಸಿಬಿಡಿ. ನೆತ್ತಿಯ ಮೇಲೆ ಮಿಂಚುತ್ತಿರುವಾಗ ತಂತಿಗೆ ಕೈ ಹಾಕುವುದು ಬೇಡ.

ಮೊದಲ ಖರ್ಚು ನೆಲದೊಳಗೆ

ನನ್ನನ್ನು ಕೇಳಿದರೆ ಯುಪಿಎಸ್ ಕೊಳ್ಳುವ ಮುನ್ನವೇ ಅರ್ಥಿಂಗ್ ಸರಿಮಾಡಿಸಬೇಕು. ಎಷ್ಟೋ ಹಳೆಯ ಅಂಗಡಿಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇರುತ್ತದೆ, ಮೇಲಿನ ದೊಡ್ಡ ತೂತಿಗೆ ಬರಬೇಕಾದ ಹಸಿರು ತಂತಿಯೇ ಇರುವುದಿಲ್ಲ. ಬಾಡಿಗೆ ಕಟ್ಟಡವಾದರೆ ಅರ್ಥಿಂಗ್ ಗುಂಡಿ ಎಲ್ಲಿದೆಯೆಂದು ಮಾಲೀಕರಿಗೂ ಗೊತ್ತಿರುವುದಿಲ್ಲ. ಸ್ಪೈಕ್ ಗಾರ್ಡ್ ಆಗಲಿ, ಮೇನ್ ಬೋರ್ಡಿನಲ್ಲಿ ಕೂರಿಸುವ ಸರ್ಜ್ ಪ್ರೊಟೆಕ್ಟರ್ ಆಗಲಿ, ಹೆಚ್ಚುವರಿ ಏಟನ್ನು ಬಹುಪಾಲು ಭೂಮಿಗೆ ತಳ್ಳಿಯೇ ಕೆಲಸ ಮಾಡಬೇಕು. ತಳ್ಳಲು ಭೂಮಿಯ ದಾರಿಯೇ ಇಲ್ಲದಿದ್ದರೆ ಅವು ಗೋಡೆಯ ಅಲಂಕಾರ.

ಪರೀಕ್ಷೆ ಸುಲಭ, ಆದರೆ ಅದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ, ನೀವು ಪಕ್ಕದಲ್ಲಿ ನಿಂತು ನೋಡಿ. ಸರ್ವರ್ ಹಾಕಿರುವ ಸಾಕೆಟ್ಟಿನಲ್ಲೇ ಮಲ್ಟಿಮೀಟರ್ ಇಟ್ಟು ಮೂರು ಅಳತೆ ತೆಗೆಯಬೇಕು. ಫೇಸ್ ಮತ್ತು ನ್ಯೂಟ್ರಲ್ ನಡುವೆ 230ರ ಆಸುಪಾಸು. ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್, ಹೆಚ್ಚೆಂದರೆ ಮೂರು. ಕೊನೆಯ ಅಳತೆ ಹತ್ತು, ಇಪ್ಪತ್ತು ಎಂದು ತೋರಿಸಿದರೆ ಅರ್ಥಿಂಗ್ ಅಥವಾ ನ್ಯೂಟ್ರಲ್ ಕೆಟ್ಟಿದೆ. ಮೂರೂ ಸರಿಯಿದ್ದರೂ ಗುಂಡಿಯ ನಿಜವಾದ ಗುಣ ತಿಳಿಯಲು ಅರ್ಥ್ ಟೆಸ್ಟರ್ ಎಂಬ ಬೇರೆ ಉಪಕರಣವೇ ಬೇಕು. ಕೆಲವರು ಸುಲಭದ ದಾರಿಯೆಂದು ಸಾಕೆಟ್ಟಿನೊಳಗೇ ನ್ಯೂಟ್ರಲ್ಲಿಗೂ ಅರ್ಥಿಗೂ ಒಂದು ತುಂಡು ತಂತಿ ಜೋಡಿಸಿಬಿಡುತ್ತಾರೆ. ಮೀಟರಿನಲ್ಲಿ ಸೊನ್ನೆ ಬರುತ್ತದೆ, ಆದರೆ ನ್ಯೂಟ್ರಲ್ ತುಂಡಾದ ದಿನ ಕಂಪ್ಯೂಟರಿನ ಕಬ್ಬಿಣದ ಡಬ್ಬಿಗೇ ಕರೆಂಟು ಹರಿದು ಮುಟ್ಟಿದವರ ಜೀವ ಹೋಗಬಹುದು. ಯಾರಾದರೂ ಹಾಗೆ ಮಾಡಲು ಹೊರಟರೆ ಖಡಾಖಂಡಿತವಾಗಿ ಬೇಡವೆನ್ನಿ.

ಗುಂಡಿ ತೋಡಿಸುವ ವಿಧಾನಕ್ಕೆ ಐಎಸ್ 3043 ಎಂಬ ಭಾರತೀಯ ಮಾನಕವಿದೆ. ಇದ್ದಿಲು, ಉಪ್ಪು ಹಾಕಿದ ಹಳೆಯ ಪೈಪ್ ಅರ್ಥಿಂಗ್ ಆದರೆ ಬೇಸಿಗೆಯಲ್ಲಿ ಅದಕ್ಕೆ ನೀರು ಬೀಳಬೇಕು. ನೆಲ ಒಣಗಿದಷ್ಟೂ ದಾರಿ ಕಟ್ಟಿಕೊಳ್ಳುತ್ತದೆ. ಮೊದಲ ಸಿಡಿಲು ಬರುವುದು ನೆಲ ಪೂರ್ತಿ ಒಣಗಿರುವ ಏಪ್ರಿಲ್–ಮೇ ತಿಂಗಳಲ್ಲಿ ಎಂಬುದನ್ನು ಮರೆಯಬೇಡಿ.

ಸರ್ಜ್ ಪ್ರೊಟೆಕ್ಟರ್ ಒಮ್ಮೆ ಹಾಕಿ ಮರೆಯುವ ವಸ್ತುವಲ್ಲ. ಪ್ರತಿ ಏಟಿಗೂ ಅದರೊಳಗಿನ ಭಾಗ ಸ್ವಲ್ಪ ಸವೆಯುತ್ತದೆ. ಅದರ ಮೇಲಿನ ಸೂಚಕ ಕಿಂಡಿ ಹಸಿರಿನಿಂದ ಕೆಂಪಾದರೆ ಬದಲಿಸಬೇಕು. ಸ್ಪೈಕ್ ಬಸ್ಟರ್ ಎಂಬ ಹೆಸರಿನಲ್ಲಿ ಕಡಿಮೆ ಬೆಲೆಗೆ ಮಾರುವ ಎಷ್ಟೋ ಬೋರ್ಡುಗಳು ಕೆಂಪು ಸ್ವಿಚ್ ಇರುವ ಎಕ್ಸ್‌ಟೆನ್ಷನ್ ಬೋರ್ಡುಗಳಷ್ಟೇ.

ಯುಪಿಎಸ್: ಡಬ್ಬಿಯ ಮೇಲಿನ ಸಂಖ್ಯೆ, ಒಳಗಿನ ಬ್ಯಾಟರಿ

ನಮ್ಮ ಅಂಗಡಿಗಳಲ್ಲಿ ಹೆಚ್ಚು ಕಾಣುವುದು 600 ವಿಎ ಯುಪಿಎಸ್. 600 ಎಂದರೆ 600 ವಾಟ್ ಎಂದುಕೊಳ್ಳುವವರೇ ಬಹಳ. ಹಿಂಬದಿಯ ಚೀಟಿ ಓದಿದರೆ ಸಾಮಾನ್ಯವಾಗಿ 360 ವಾಟ್ ಎಂದಿರುತ್ತದೆ. ಒಳಗಿರುವುದು 12 ವೋಲ್ಟ್, 7 ಆಂಪಿಯರ್–ಅವರ್‌ನ ಒಂದು ಸಣ್ಣ ಬ್ಯಾಟರಿ, ಲೆಕ್ಕಕ್ಕೆ 84 ವಾಟ್–ಅವರ್. ಆತುರದಲ್ಲಿ ಹೀರುವಾಗ ಅದರಲ್ಲಿ ಅರ್ಧದಷ್ಟೂ ನಮ್ಮ ಕೈಗೆ ದಕ್ಕುವುದಿಲ್ಲ. ಸರ್ವರ್, ಮಾನಿಟರ್, ನೆಟ್‌ವರ್ಕ್ ಸ್ವಿಚ್ ಸೇರಿ 150 ವಾಟ್ ಎಳೆದರೆ ಹೊಸದರಲ್ಲಿ ಸುಮಾರು 15 ನಿಮಿಷ ಸಿಗುತ್ತದೆ. ಅಚ್ಚುಕಟ್ಟಾಗಿ ಬಂದ್ ಮಾಡಲು ಅಷ್ಟು ಧಾರಾಳ. ಅಷ್ಟರಲ್ಲಿ ವ್ಯಾಪಾರ ನಡೆಸುತ್ತೇನೆಂದು ಹೊರಟರೆ ಎಂದಾದರೊಂದು ದಿನ ಬಿಲ್ಲಿನ ನಡುವೆಯೇ ಯಂತ್ರ ಕಣ್ಣು ಮುಚ್ಚುತ್ತದೆ.

ನಮ್ಮ ಕರೆಂಟಿನ ಒಂದು ಆವರ್ತಕ್ಕೆ 20 ಮಿಲಿಸೆಕೆಂಡ್. ಕಂಪ್ಯೂಟರಿನೊಳಗಿನ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್, ಪೂರ್ತಿ ಲೋಡಿನಲ್ಲಿ ಸುಮಾರು 16 ಮಿಲಿಸೆಕೆಂಡ್ ಉಸಿರು ಹಿಡಿದಿರಬಲ್ಲದು. ಸಾಮಾನ್ಯ ಯುಪಿಎಸ್ 10 ಮಿಲಿಸೆಕೆಂಡಿನೊಳಗೆ ಬ್ಯಾಟರಿಗೆ ಬದಲಾಗುತ್ತದೆ, ಹಾಗಾಗಿ ಕಂಪ್ಯೂಟರಿಗೆ ಗೊತ್ತೇ ಆಗುವುದಿಲ್ಲ. ಮನೆಯ ಇನ್ವರ್ಟರ್ ಇದಕ್ಕಿಂತ ನಿಧಾನ. ಇನ್ವರ್ಟರಿನಲ್ಲೇ ಸರ್ವರ್ ಓಡಿಸುವುದಾದರೆ ಅದರ ಹಿಂದಿರುವ ಪುಟ್ಟ ಸ್ವಿಚ್ಚು ‘ಯುಪಿಎಸ್’ ಕಡೆಗಿದೆಯೇ, ‘ನಾರ್ಮಲ್’ ಕಡೆಗಿದೆಯೇ ನೋಡಿ. ನಾರ್ಮಲ್ ಎಂದರೆ ಫ್ಯಾನು, ಲೈಟಿಗೆ ಸಾಕು. ವೋಲ್ಟೇಜ್ ತೀರಾ ಕುಸಿದರೂ ಅದು ಸುಮ್ಮನಿರುತ್ತದೆ, ಬದಲಾಗುವಾಗಲೂ ತಡ ಮಾಡುತ್ತದೆ. ಹೊಸದು ಕೊಳ್ಳುವಾಗ ಸೈನ್ ವೇವ್ ಇರುವುದನ್ನೇ ಕೇಳಿ. ಸ್ಕ್ವೇರ್ ವೇವ್ ಇನ್ವರ್ಟರಿನ ಮುಂದೆ ಯುಪಿಎಸ್ ಇಟ್ಟರೆ ಆ ಕರೆಂಟನ್ನು ಯುಪಿಎಸ್ ಒಪ್ಪದೆ ತನ್ನ ಬ್ಯಾಟರಿಯನ್ನೇ ಖಾಲಿ ಮಾಡಿಕೊಳ್ಳಬಹುದು.

ವೋಲ್ಟೇಜ್ ದಿನವಿಡೀ ಕುಣಿಯುವ ಊರು, ಡೀಸೆಲ್ ಜನರೇಟರ್ ಬಳಸುವ ಜಾಗ, ರಾತ್ರಿಯೂ ಓಡಬೇಕಾದ ಲ್ಯಾಬಿನ ಸರ್ವರ್, ಇಂಥಲ್ಲಿ ಆನ್‌ಲೈನ್ ಯುಪಿಎಸ್ ಹಾಕಿಸುವುದು ಒಳ್ಳೆಯದು. ಅದು ಬರುವ ಕರೆಂಟನ್ನು ಡಿಸಿ ಮಾಡಿ ಮತ್ತೆ ಹೊಸದಾಗಿ ಎಸಿ ಮಾಡಿ ಕೊಡುತ್ತದೆ. ಬದಲಾಗುವ ಹೊತ್ತೆಂಬುದೇ ಇಲ್ಲ. ಬೆಲೆ ಹೆಚ್ಚು, ಬಿಸಿಯೂ ಹೆಚ್ಚು. ಒಂದೇ ಬಿಲ್ಲಿಂಗ್ ಕಂಪ್ಯೂಟರ್ ಇರುವ ಕಿರಾಣಿ ಅಂಗಡಿಗೆ ಅದರ ಅಗತ್ಯವಿಲ್ಲ. ಯಾವುದನ್ನೇ ಕೊಂಡರೂ ಬಿಐಎಸ್ ಗುರುತು ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಆ ಸಂಖ್ಯೆಯನ್ನು ಪರಿಶೀಲಿಸಬಹುದು.

ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಹಾಕಬೇಡಿ. ಅದರೊಳಗಿನ ಹೀಟರ್ ಬಿಸಿಯಾಗುವಾಗ ಎಳೆಯುವ ಕರೆಂಟಿಗೆ 600 ವಿಎ ಯುಪಿಎಸ್ ಮುಗ್ಗರಿಸಿ, ಜೊತೆಗಿದ್ದ ಸರ್ವರನ್ನೂ ಕೆಡವುತ್ತದೆ. ನೆಟ್‌ವರ್ಕ್ ಸ್ವಿಚ್ಚನ್ನು ಮಾತ್ರ ಮರೆಯದೆ ಯುಪಿಎಸ್‌ಗೇ ಹಾಕಿ. ಸರ್ವರ್ ಬದುಕಿದ್ದು ಸ್ವಿಚ್ ಸತ್ತರೆ ಬೇರೆ ಕಂಪ್ಯೂಟರಿನಲ್ಲಿ ಅರ್ಧ ಬರೆದ ಎಂಟ್ರಿ ಅರ್ಧಕ್ಕೇ ನಿಲ್ಲುತ್ತದೆ.

ಬ್ಯಾಟರಿಯ ಆಯಸ್ಸು ನಿರ್ಧಾರವಾಗುವುದು ಸೆಕೆಯಿಂದ. ಸೀಸದ ಬ್ಯಾಟರಿಗಳ ಆಯಸ್ಸನ್ನು ಸಾಮಾನ್ಯವಾಗಿ 25 ಡಿಗ್ರಿ ತಾಪಮಾನಕ್ಕೆ ಹೇಳಿರುತ್ತಾರೆ. ಸುಮಾರು ಪ್ರತಿ 10 ಡಿಗ್ರಿ ಹೆಚ್ಚಿದಂತೆ ಅದು ಅರ್ಧಕ್ಕಿಳಿಯುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ, ಶಟರಿನ ಪಕ್ಕ, ಬಿಸಿಲು ಬೀಳುವ ಮೂಲೆಯಲ್ಲಿಟ್ಟ ಯುಪಿಎಸ್‌ನ ಬ್ಯಾಟರಿ ಎರಡು ವರ್ಷ ಬಾಳಿದರೆ ಹೆಚ್ಚು. ಹಾಕಿದ ದಿನವೇ ಅದರ ಮೇಲೆ ಮಾರ್ಕರಿನಲ್ಲಿ ತಾರೀಕು ಬರೆಯಿರಿ. ಡಬ್ಬಿ ಉಬ್ಬಿದ್ದರೆ ಅಂದೇ ತೆಗೆಸಿ. ಹಳೆಯದನ್ನು ಗುಜರಿಗೆ ಹಾಕದೆ ಬ್ಯಾಟರಿ ಅಂಗಡಿಗೇ ವಾಪಸ್ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಯನ್ನು ಕಸದ ಜೊತೆ ಸೇರಿಸುವಂತಿಲ್ಲ.

ಯಾರೂ ಸಿಕ್ಕಿಸದ ಆ ಒಂದು ಕೇಬಲ್

ಸ್ವಲ್ಪ ಮೇಲ್ದರ್ಜೆಯ ಯುಪಿಎಸ್‌ಗಳ ಹಿಂಬದಿಯಲ್ಲಿ ಯುಎಸ್‌ಬಿ ಕಿಂಡಿಯಿರುತ್ತದೆ, ಕೇಬಲ್ಲೂ ಡಬ್ಬಿಯಲ್ಲೇ ಬಂದಿರುತ್ತದೆ. ಬಹುತೇಕರು ಅದನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದಿರುವುದೇ ಇಲ್ಲ. ಅದನ್ನು ಸರ್ವರಿಗೆ ಸಿಕ್ಕಿಸಿದರೆ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ತೋರಿಸುವಂತೆ ಬ್ಯಾಟರಿಯ ಗುರುತು ತೋರಿಸುತ್ತದೆ; ಕೆಲವು ಮಾದರಿಗಳಿಗೆ ಕಂಪನಿಯ ಸಾಫ್ಟ್‌ವೇರ್ ಬೇಕಾಗುತ್ತದೆ. ಪವರ್ ಆಪ್ಷನ್ಸ್‌ಗೆ ಹೋಗಿ, ಬ್ಯಾಟರಿ ಇಷ್ಟಕ್ಕಿಳಿದರೆ ಶಟ್‌ಡೌನ್ ಆಗು ಎಂದು ಹೇಳಿಟ್ಟರೆ ಆಯಿತು. ಲಿನಕ್ಸ್ ಸರ್ವರಿಗೆ ‘ನೆಟ್‌ವರ್ಕ್ ಯುಪಿಎಸ್ ಟೂಲ್ಸ್’ ಉಚಿತವಾಗಿ ಸಿಗುತ್ತದೆ. ಮಿತಿಯನ್ನು ತೀರಾ ಕೆಳಗಿಡಬೇಡಿ. ಹಳೆಯ ಬ್ಯಾಟರಿ ಶೇಕಡಾ 30 ಎಂದು ತೋರಿಸುತ್ತಲೇ ಸೊನ್ನೆಗೆ ಬೀಳುವುದುಂಟು. 50ಕ್ಕೆ ಇಟ್ಟರೆ ನೆಮ್ಮದಿ. ನೀವು ಊಟಕ್ಕೆ ಹೋದಾಗ, ರಾತ್ರಿ ಅಂಗಡಿ ಮುಚ್ಚಿದ್ದಾಗ, ಹಬ್ಬದ ರಜೆಯಲ್ಲಿ ಸರ್ವರ್ ತಾನಾಗಿ ಬಂದ್ ಆಗುವುದಕ್ಕೆ ಇರುವ ದಾರಿ ಇದೊಂದೇ. ಯುಎಸ್‌ಬಿ ಇಲ್ಲದ ಯುಪಿಎಸ್ ಅನ್ನು ಸರ್ವರಿಗೆಂದು ಕೊಳ್ಳಲೇಬೇಡಿ.

ಇನ್ನೊಂದು ಸಣ್ಣ ವಿಷಯ. ಕಂಪ್ಯೂಟರಿನ ಮೂಲ ಸೆಟ್ಟಿಂಗುಗಳಿರುವ ಬಯೋಸ್‌ನಲ್ಲಿ, ಹೋದ ಕರೆಂಟು ಬಂದಾಗ ಏನು ಮಾಡಬೇಕೆಂಬ ಆಯ್ಕೆಯಿದೆ. ಅದನ್ನು ಆಫ್‌ನಲ್ಲೇ ಉಳಿಸಿ. ಮಳೆಗಾಲದ ರಾತ್ರಿ ಕರೆಂಟು ಹತ್ತು ಸಲ ಬಂದುಹೋದರೆ ಸರ್ವರೂ ಅದರ ಜೊತೆ ಹತ್ತು ಸಲ ಎದ್ದು ಬೀಳುವುದು ಬೇಡ.

ಬ್ಯಾಕಪ್ ಎಂದರೆ ಬೇರೆ ಜಾಗ

ಸಿ ಡ್ರೈವಿನಿಂದ ಡಿ ಡ್ರೈವಿಗೆ ನಕಲು ಮಾಡಿದರೆ ಅದು ಬ್ಯಾಕಪ್ ಆಗುವುದಿಲ್ಲ, ಎರಡೂ ಇರುವುದು ಹೆಚ್ಚಾಗಿ ಒಂದೇ ಡಿಸ್ಕಿನಲ್ಲಿ. ಹೊರಗಿನ ಹಾರ್ಡ್ ಡಿಸ್ಕ್ ತಂದು ವರ್ಷವಿಡೀ ಸಿಕ್ಕಿಸಿಯೇ ಇಟ್ಟರೆ ಸರ್ವರನ್ನು ಸುಟ್ಟ ಸಿಡಿಲು ಅದನ್ನೂ ಸುಡುತ್ತದೆ. ಎರಡು ಡಿಸ್ಕ್ ಇಟ್ಟುಕೊಳ್ಳಿ. ಒಂದು ದಿನ ಒಂದು, ಮರುದಿನ ಇನ್ನೊಂದು. ಆವತ್ತಿನದು ಮಾಲೀಕರ ಜೊತೆ ಮನೆಗೆ ಹೋಗಲಿ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ ಎಂಬ 3–2–1 ನಿಯಮವನ್ನು ಜನಪ್ರಿಯಗೊಳಿಸಿದವರು ಪೀಟರ್ ಕ್ರೋಗ್ ಎಂಬ ಛಾಯಾಗ್ರಾಹಕ. ನಮ್ಮ ಅಂಗಡಿಗಳಿಗೂ ಅದೇ ಸಾಕು. ಟ್ಯಾಲಿಪ್ರೈಮ್‌ನಲ್ಲಿ ಆಲ್ಟ್ ಮತ್ತು ವೈ ಒತ್ತಿದರೆ ಡೇಟಾ ಮೆನು ಬರುತ್ತದೆ, ಬ್ಯಾಕಪ್ ಅಲ್ಲೇ ಇದೆ. ಆ ಬ್ಯಾಕಪ್ ಫೈಲನ್ನು ಗೂಗಲ್ ಡ್ರೈವಿಗೆ ಏರಿಸಿ. ಕೆಲಸ ನಡೆಯುತ್ತಿರುವ ಡೇಟಾ ಫೋಲ್ಡರನ್ನೇ ಸಿಂಕ್‌ಗೆ ಹಾಕಿದರೆ ಅದರಿಂದಲೇ ಫೈಲು ಕೆಡಬಹುದು.

ಇದು ನಮ್ಮ ಅನುಕೂಲದ ಮಾತಷ್ಟೇ ಅಲ್ಲ. ಜಿಎಸ್‌ಟಿ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ದಿನದಿಂದ 72 ತಿಂಗಳು ಲೆಕ್ಕ ಇಟ್ಟಿರಬೇಕು. ಅಪಘಾತದಲ್ಲಿ ದಾಖಲೆ ನಾಶವಾದರೂ ಸಕಾಲದಲ್ಲಿ ಮರಳಿ ಪಡೆಯುವಂತೆ ಎಲೆಕ್ಟ್ರಾನಿಕ್ ಬ್ಯಾಕಪ್ ಇರಬೇಕೆಂದು 2017ರ ಸಿಜಿಎಸ್‌ಟಿ ನಿಯಮಗಳ 57ನೇ ನಿಯಮ ಹೇಳುತ್ತದೆ. ಪ್ರೈವೇಟ್ ಲಿಮಿಟೆಡ್ ಕಂಪನಿಯಾದರೆ ಭಾರತದಲ್ಲೇ ಇರುವ ಸರ್ವರಿನಲ್ಲಿ ದಿನನಿತ್ಯ ಬ್ಯಾಕಪ್ ಇಡುವುದು 2022ರಿಂದ ಕಡ್ಡಾಯ. ಕರೆಂಟು ಹೋಗಿತ್ತು ಎಂಬ ಉತ್ತರಕ್ಕೆ ಅಲ್ಲಿ ಬೆಲೆಯಿಲ್ಲ.

ಆದದ್ದು ಆಗಿಹೋದರೆ ಅವಸರ ಬೇಡ. ಕರೆಂಟು ಬಂದ ಮೇಲೆ ಐದು ನಿಮಿಷ ಕಾದು ಸರ್ವರ್ ಹಚ್ಚಿ. ಟ್ಯಾಲಿ ದೋಷ ತೋರಿಸಿದರೆ ‘ರಿಪೇರ್’ ಒತ್ತುವ ಮುನ್ನ ಇಡೀ ಡೇಟಾ ಫೋಲ್ಡರನ್ನು ಇದ್ದ ಹಾಗೇ ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳಿ. ರಿಪೇರಿ ಕೆಟ್ಟರೆ ಮರಳಲು ಅದೇ ಆಸರೆ. ಡಿಸ್ಕ್ ಟಿಕ್ ಟಿಕ್ ಎಂದು ಸದ್ದು ಮಾಡಿದರೆ ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ, ಬಂದ್ ಮಾಡಿ ತಿಳಿದವರ ಕೈಗೆ ಕೊಡಿ. ವಿಮೆ ಇದ್ದರೆ ಪಾಲಿಸಿಯನ್ನು ಈಗಲೇ ತೆಗೆದು ಓದಿ. ಬೆಂಕಿ ವಿಮೆಯಲ್ಲಿ ಸಿಡಿಲು ಸೇರಿರುತ್ತದೆ, ಆದರೆ ವೋಲ್ಟೇಜ್ ಏರಿ, ಶಾರ್ಟ್ ಆಗಿ ಸುಟ್ಟ ಯಂತ್ರವನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ. ಅದಕ್ಕೆಂದೇ ಇರುವುದು ಎಲೆಕ್ಟ್ರಾನಿಕ್ ಉಪಕರಣಗಳ ವಿಮೆ.

ಈ ವಾರವೇ ಒಂದು ಸಂಜೆ ವ್ಯಾಪಾರ ಮುಗಿದ ಮೇಲೆ ಬ್ಯಾಕಪ್ ತೆಗೆದು, ಸರ್ವರ್ ಓಡುತ್ತಿರುವಾಗಲೇ ಯುಪಿಎಸ್‌ಗೆ ಹೋಗುವ ಎಂಸಿಬಿಯನ್ನು ಕೆಳಗಿಳಿಸಿ. ಪ್ಲಗ್ ಕೀಳಬೇಡಿ, ಅದರಿಂದ ಅರ್ಥಿಂಗೂ ಕಡಿದುಹೋಗುತ್ತದೆ. ಗಡಿಯಾರ ನೋಡುತ್ತ ಕೂತು, ಎಷ್ಟು ನಿಮಿಷಕ್ಕೆ ಸರ್ವರ್ ತಾನಾಗಿ ಬಂದ್ ಆಯಿತೆಂದು ಬ್ಯಾಟರಿಯ ತಾರೀಕಿನ ಕೆಳಗೇ ಬರೆಯಿರಿ. ಆಮೇಲೆ ಅವತ್ತಿನ ಬ್ಯಾಕಪ್ಪನ್ನು ಬೇರೆ ಕಂಪ್ಯೂಟರಿನಲ್ಲಿ ರೀಸ್ಟೋರ್ ಮಾಡಿ, ಕೊನೆಯ ಬಿಲ್ಲು ಬಂದಿದೆಯೇ ನೋಡಿ. ಮೂರು ತಿಂಗಳಿಗೊಮ್ಮೆ ಹೀಗೇ ಮಾಡಿ. ಸರ್ವರ್ ತಾನಾಗಿ ಬಂದ್ ಆಗದೆ ಫಕ್ಕನೆ ಸತ್ತರೆ, ಮರುದಿನ ಬೆಳಿಗ್ಗೆ ಮೊದಲ ಬಿಲ್ಲು ಹೊಡೆಯುವ ಮುನ್ನ ಹೊಸ ಬ್ಯಾಟರಿ ತರಿಸಿ.